ಮೆ ಫಾಲ್ತ ಊನ ಮತೇರಿಯ: ಪದವಿ ಸಂಭ್ರಮದಿಂದ ಸ್ಪ್ಯಾನಿಷ್ ಕಲಿಯೋಣ

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ನನಗೆ ಒಂದು ಸಬ್ಜೆಕ್ಟ್ ಬಾಕಿ ಇದೆ, ಎರಡನೇ ಸೆಮ್‌ನ ಗಣಿತ. ಅದನ್ನ ಇಲ್ಲಿ ಯಾಕೆ ಹೇಳ್ತಾ ಇದ್ದೀನಿ ಅಂದ್ರೆ, ನನಗೆ ಸ್ಪ್ಯಾನಿಷ್ ನಿಜವಾಗಿ ಅರ್ಥ ಆಗೋಕೆ ಶುರುವಾಗಿದ್ದೇ ಆ ಬ್ಯಾಕ್‌ಲಾಗ್‌ನಿಂದ.

ಕಳೆದ ರಜೆಯಲ್ಲಿ ಫೋನಿಗೆ ಒಂದು ಆ್ಯಪ್ ಹಾಕಿಕೊಂಡು ಸ್ಪ್ಯಾನಿಷ್ ಶುರು ಮಾಡಿದೆ. ನೂರು ದಿನ ಒಂದು ದಿನವೂ ತಪ್ಪಿಸಲಿಲ್ಲ. "ಹುಡುಗ ಸೇಬು ತಿನ್ನುತ್ತಾನೆ", "ಬೆಕ್ಕು ಹಾಲು ಕುಡಿಯುತ್ತದೆ" ಎಲ್ಲ ಬಾಯಿಗೆ ಬಂತು. ಆಮೇಲೆ ಆನ್‌ಲೈನ್‌ನಲ್ಲಿ ಅರ್ಜೆಂಟೀನಾದ ಒಬ್ಬಳು ವಿದ್ಯಾರ್ಥಿನಿ ಜೊತೆ ಮಾತಾಡುವ ಅವಕಾಶ ಸಿಕ್ಕಿತು. "ಓದು ಹೇಗೆ ನಡೀತಿದೆ?" ಅಂತ ಕೇಳಿದಳು. ನಾನು ಇಂಗ್ಲಿಷ್ ವಾಕ್ಯವನ್ನ ಮನಸ್ಸಿನಲ್ಲಿ ಜೋಡಿಸಿ, "ನನ್ನ ಹತ್ತಿರ ಹಿಂದೆ ಒಂದು ವಿಷಯ ಇದೆ" ಅನ್ನೋ ಥರ ಏನೋ ಹೇಳಿದೆ. ಅವಳಿಗೆ ಏನೂ ತಿಳಿಯಲಿಲ್ಲ. ಐದು ನಿಮಿಷ ಒದ್ದಾಡಿದ ಮೇಲೆ ಅವಳೇ ಸರಿಯಾದ ವಾಕ್ಯ ಕೊಟ್ಟಳು: ಮೆ ಫಾಲ್ತ ಊನ ಮತೇರಿಯ.

ಬಿಡಿಸಿ ನೋಡಿ. ಮೆ ಅಂದರೆ ನನಗೆ. ಫಾಲ್ತ ಅಂದರೆ ಬಾಕಿ ಇದೆ, ಕಡಿಮೆ ಇದೆ. ಊನ ಮತೇರಿಯ ಅಂದರೆ ಒಂದು ವಿಷಯ. "ನನಗೆ ಬಾಕಿ ಇದೆ ಒಂದು ವಿಷಯ." ಇದು ಕನ್ನಡದ್ದೇ ವಾಕ್ಯ! ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು, ಹೊಸದು ಏನೇ ಕಲಿತರೂ ಇಂಗ್ಲಿಷ್ ಮೂಲಕವೇ ಕಲಿಯೋ ಅಭ್ಯಾಸ. ಆದರೆ ಇಲ್ಲಿ ಮನೆಯಲ್ಲಿ ಮಾತಾಡುವ ಕನ್ನಡವೇ ಹತ್ತಿರದ ದಾರಿ ಆಗಿತ್ತು. ನೂರು ದಿನ ಸುತ್ತು ಬಳಸಿ ಹೋಗಿದ್ದೆ.

ಅದಕ್ಕೇ ಈ ಪಾಠ. ಸುಮಾರು 20 ದೇಶಗಳಲ್ಲಿ ಸ್ಪ್ಯಾನಿಷ್ ಆಡಳಿತದ ಭಾಷೆ. ಅದರಲ್ಲಿ ಮೂರು ದೇಶಗಳಲ್ಲಿ ಓದು ಮುಗಿಸಿದವರು ಏನು ಮಾಡ್ತಾರೆ, ಅದನ್ನ ಏನಂತ ಕರೀತಾರೆ ಅಂತ ನೋಡೋಣ. ಸೇಬು ತಿನ್ನೋ ಹುಡುಗನಿಗಿಂತ ಇದು ನಮಗೆ ಹತ್ತಿರದ ವಿಷಯ ತಾನೇ?

ಮೊದಲು ಉಚ್ಚಾರಣೆ

ಸ್ಪ್ಯಾನಿಷ್‌ನಲ್ಲಿ ಸ್ವರ ಐದೇ: ಅ, ಎ, ಇ, ಒ, ಉ. ನಮಗೆ ಹ್ರಸ್ವ ಎ ಮತ್ತು ಒ ಮೊದಲಿಂದಲೇ ಇದೆ, ಹಾಗಾಗಿ ಕಷ್ಟ ಇಲ್ಲ. ತ, ದ ನಮ್ಮ ಹಾಗೆಯೇ ಹಲ್ಲಿಗೆ ತಾಗಿಸಿ ಹೇಳ್ತಾರೆ, ಇಂಗ್ಲಿಷ್‌ನ ಟ, ಡ ಅಲ್ಲ. ವರ್ಣಮಾಲೆಯಲ್ಲಿ ಕಲಿತು ಆಮೇಲೆ ಮರೆತುಬಿಟ್ಟ ಞ ಇದೆಯಲ್ಲ, ಅದು ಇಲ್ಲಿ ದಿನಾ ಬೇಕು. ಆಞೊ ಅಂದರೆ ವರ್ಷ, ಕೊಂಪಞೇರೊ ಅಂದರೆ ಜೊತೆಗಾರ, ಕ್ಲಾಸ್‌ಮೇಟ್.

ಸ್ಪೆಲ್ಲಿಂಗ್ ನೋಡಿ ಓದುವಾಗ ನೆನಪಿಡಬೇಕಾದ್ದು: ಎಚ್ ಅಕ್ಷರಕ್ಕೆ ಸದ್ದೇ ಇಲ್ಲ. ಜೆ ಅಕ್ಷರವನ್ನ ಗಂಟಲಿಂದ ಬರುವ ಹ ಥರ ಓದಬೇಕು. ವಿ ಮತ್ತು ಬಿ ಎರಡಕ್ಕೂ ಒಂದೇ ಸದ್ದು, ಬ. ಎರಡು ಎಲ್ ಜೊತೆಗೆ ಬಂದರೆ ಯ. ಈ ಲೇಖನದಲ್ಲಿ ಒತ್ತಿ ಹೇಳಬೇಕಾದ ಅಕ್ಷರವನ್ನ ದೀರ್ಘವಾಗಿ ಬರೆದಿದ್ದೇನೆ. "ರೆಸಿಬೀ" ಅಂತ ಇದ್ದರೆ ಕೊನೆಯ ಬೀ ಮೇಲೆ ಒತ್ತು.

ಅರ್ಜೆಂಟೀನಾ: ಮೊಟ್ಟೆ, ಹಿಟ್ಟು ಮತ್ತು ರೆಸಿಬೀರ್ಸೆ

ಅರ್ಜೆಂಟೀನಾದ ಯಾವುದಾದರೂ ವಿಶ್ವವಿದ್ಯಾಲಯದ ಹೊರಗೆ ಫುಟ್‌ಪಾತ್ ಮೇಲೆ ಒಬ್ಬ ಹುಡುಗ ತಲೆಯಿಂದ ಕಾಲಿನವರೆಗೆ ಮೊಟ್ಟೆ, ಮೈದಾಹಿಟ್ಟು, ಕೆಚಪ್, ಮೇಯೊನೀಸ್ ಮೆತ್ತಿಕೊಂಡು ನಿಂತಿದ್ದರೆ, ಸುತ್ತ ಅಮ್ಮ, ಅಪ್ಪ, ಸ್ನೇಹಿತರು ಕುಣಿಯುತ್ತಿದ್ದರೆ, ಗಾಬರಿ ಆಗಬೇಡಿ. ಅವನು ಈಗ ತಾನೇ ಕೊನೆಯ ಪರೀಕ್ಷೆ ಪಾಸಾಗಿ ಹೊರಗೆ ಬಂದಿದ್ದಾನೆ. ಆಹಾರ ವ್ಯರ್ಥ ಆಗುತ್ತೆ, ರಸ್ತೆ ಗಲೀಜಾಗುತ್ತೆ ಅಂತ ಆಕ್ಷೇಪ ಇದೆ. ಆದರೂ ಪದ್ಧತಿ ಬಿಟ್ಟಿಲ್ಲ.

ಘಟಿಕೋತ್ಸವದ ದಿನ ಬಿಟ್ಟು ಪರೀಕ್ಷೆ ದಿನವೇ ಯಾಕೆ? ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 1949ರಿಂದ ಪದವಿ ಓದಿಗೆ ಫೀಸ್ ತೆಗೆದುಹಾಕಿದರು. ತುಂಬಾ ಜನ ಕೆಲಸ ಮಾಡ್ತಾ ಓದ್ತಾರೆ. ಒಂದೊಂದು ವಿಷಯದ ಫೈನಲ್ ಪರೀಕ್ಷೆಯನ್ನ ತಮಗೆ ಆದಾಗ ಕೊಡ್ತಾರೆ. ಹಾಗಾಗಿ ನಮ್ಮ ಥರ ಇಡೀ ಬ್ಯಾಚ್ ಒಂದೇ ದಿನ ಮುಗಿಸೋದಿಲ್ಲ. ಪ್ರತಿಯೊಬ್ಬರಿಗೂ ಅವರದ್ದೇ ಕೊನೆಯ ದಿನ ಇರುತ್ತೆ. ಸರ್ಟಿಫಿಕೇಟ್ ಕೊಡೋ ಸಮಾರಂಭ ಎಷ್ಟೋ ತಿಂಗಳಾದ ಮೇಲೆ. ಆದರೆ ಸಂಭ್ರಮ ಕಾಯೋದಿಲ್ಲ, ಬಾಗಿಲ ಹೊರಗೇ ಮೊಟ್ಟೆ ಹಿಡ್ಕೊಂಡು ನಿಂತಿರುತ್ತೆ.

ಇಲ್ಲಿ ಕಲಿಯುವ ಪದಗಳು:
ವೇಬೊಸ್: ಮೊಟ್ಟೆಗಳು.
ಅರೀನ: ಹಿಟ್ಟು.
ಲೆ ತಿರಾರೊನ್ ವೇಬೊಸ್: ಅವನಿಗೆ ಮೊಟ್ಟೆ ಎಸೆದರು. (ಲೆ ಅಂದರೆ ಅವನಿಗೆ, ಅವಳಿಗೆ, ಎರಡೂ.)
ರೆಸಿಬೀರ್ಸೆ: ಪದವಿ ಪಡೆಯುವುದು.

ರೆಸಿಬೀರ್ ಅಂದರೆ ಬರೀ "ಪಡೆ", "ಸ್ವೀಕರಿಸು". ಕೊನೆಗೆ "ಸೆ" ಸೇರಿದರೆ ಅರ್ಜೆಂಟೀನಾ, ಉರುಗ್ವೆ ಕಡೆ ಪದವಿ ಪಡೆಯುವುದು ಅಂತ ಅರ್ಥ. ಈ "ಸೆ" ಇಂಗ್ಲಿಷ್‌ನಲ್ಲಿ ಕಲಿಯೋಕೆ ನನಗೆ ತಲೆನೋವಾಗಿತ್ತು. "ತನ್ನನ್ನು ತಾನೇ" ಅಂತ ಅರ್ಥ ಮಾಡ್ಕೊಂಡು ಎಲ್ಲ ಕಡೆ ಎಡವುತ್ತಿದ್ದೆ. ಕನ್ನಡದಲ್ಲಿ ನೋಡಿ: "ತಟ್ಟೆ ತೊಳೆದೆ", "ಕೈ ತೊಳೆದುಕೊಂಡೆ". ಸ್ಪ್ಯಾನಿಷ್‌ನಲ್ಲಿ: ಲಬೇ ಎಲ್ ಪ್ಲಾತೊ, ಮೆ ಲಬೇ ಲಸ್ ಮಾನೊಸ್. ನಮ್ಮ "ಕೊಳ್ಳು" ಮಾಡೋ ಕೆಲಸವನ್ನೇ ಅಲ್ಲಿ "ಮೆ, ತೆ, ಸೆ" ಮಾಡ್ತಾ ಇದೆ. ಎಲ್ಲ ಕಡೆಯೂ ಲೆಕ್ಕ ಸರಿಹೋಗೋದಿಲ್ಲ, ಆದರೆ ಶುರು ಮಾಡೋಕೆ ಸಾಕು. ರೆಸಿಬೀರ್ಸೆ ಅಂದರೆ "ಪಡೆದುಕೊಳ್ಳು" ಅಂತ ಇಟ್ಕೊಳ್ಳಿ. ಮೊಟ್ಟೆ ಬಿದ್ದ ಮೇಲೆ ಬೇಕಾಗುವ ವಾಕ್ಯವೂ ಇದೇ ಥರ: ಮೆ ಲಬೇ ಎಲ್ ಪೇಲೊ, ತಲೆಕೂದಲು ತೊಳೆದುಕೊಂಡೆ.

ಭೂತಕಾಲದಲ್ಲಿ ಹೀಗೆ:
ನಾನು: ಮೆ ರೆಸಿಬೀ (ಪಡೆದುಕೊಂಡೆ)
ನೀನು: ತೆ ರೆಸಿಬೀಸ್ತೆ (ಪಡೆದುಕೊಂಡೆ)
ಅವನು, ಅವಳು: ಸೆ ರೆಸಿಬ್ಯೋ (ಪಡೆದುಕೊಂಡ, ಪಡೆದುಕೊಂಡಳು)
ನಾವು: ನೊಸ್ ರೆಸಿಬೀಮೊಸ್ (ಪಡೆದುಕೊಂಡೆವು)
ಅವರು: ಸೆ ರೆಸಿಬ್ಯೇರೊನ್ (ಪಡೆದುಕೊಂಡರು)

ನಾನು, ನೀನು ಅಂತ ಬೇರೆ ಹೇಳಬೇಕಾಗಿಲ್ಲ, ಕ್ರಿಯಾಪದದ ಬಾಲವೇ ಹೇಳುತ್ತೆ. "ಊಟ ಮಾಡಿದೆವು" ಅಂದರೆ ಯಾರು ಅಂತ ಕೇಳ್ತೀವಾ? ಅದೇ ಲೆಕ್ಕ. ಗೌರವದಿಂದ ಒಬ್ಬರನ್ನ ಮಾತಾಡಿಸುವಾಗ ನಮ್ಮ "ನೀವು" ಇದ್ದ ಹಾಗೆ ಉಸ್ತೇದ್ ಅನ್ನೋ ಪದ ಇದೆ. ಅದರ ಜೊತೆಗೆ "ಸೆ ರೆಸಿಬ್ಯೋ" ರೂಪವೇ ಬರುತ್ತೆ.

ಈಗ ಪರೀಕ್ಷೆ ಮುಗಿಸಿದ ಮಗಳು ಅಮ್ಮನಿಗೆ ಫೋನ್ ಮಾಡಿದ್ದಾಳೆ ಅಂದ್ಕೊಳ್ಳಿ:

ಅಮ್ಮ: ಕೋಮೊ ತೆ ಫ್ವೇ? (ನಿನಗೆ ಹೇಗಾಯ್ತು?)
ಮಗಳು: ಮೆ ಫ್ವೇ ಬ್ಯೇನ್. ಅಪ್ರೊಬೇ! (ಚೆನ್ನಾಗಾಯ್ತು. ಪಾಸಾದೆ!)
ಅಮ್ಮ: ತೆ ಫಾಲ್ತ ಆಲ್ಗೊ? (ನಿನಗೆ ಇನ್ನೇನಾದ್ರೂ ಬಾಕಿ ಇದೆಯಾ?)
ಮಗಳು: ನೋ ಮೆ ಫಾಲ್ತ ನಾದ. ಮೆ ರೆಸಿಬೀ, ಮಾ! (ಏನೂ ಬಾಕಿ ಇಲ್ಲ. ಪದವಿ ಆಯ್ತು, ಅಮ್ಮಾ!)

"ನನಗೆ ಹೇಗಾಯ್ತು", "ನನಗೆ ಬಾಕಿ", "ನನಗೆ ಇಷ್ಟ", ಎಲ್ಲದಕ್ಕೂ ಅದೇ "ಮೆ". ಕೊನೆಯ ಸಾಲಿನಲ್ಲಿ ನೋ ಮತ್ತು ನಾದ, ಎರಡೆರಡು ನಿಷೇಧ ಇದೆ. ಇಂಗ್ಲಿಷ್ ಟೀಚರ್ ಇದನ್ನ ತಪ್ಪು ಅಂತಿದ್ದರು. ಸ್ಪ್ಯಾನಿಷ್‌ನಲ್ಲಿ ಅದೇ ಸರಿ.

ಇನ್ನೊಂದು ಚಂದದ ಪದಗುಚ್ಛ ಅಲ್ಲಿನ ಹೈಸ್ಕೂಲಿನಿಂದ: ಊಲ್ತಿಮೊ ಪ್ರಿಮೇರ್ ದೀಅ, ಅಂದರೆ "ಕೊನೆಯ ಮೊದಲ ದಿನ". ಸ್ಕೂಲಿನ ಕೊನೆ ವರ್ಷದ ಮೊದಲ ದಿನಕ್ಕೆ ಆ ಹೆಸರು. ಹಿಂದಿನ ರಾತ್ರಿ ಇಡೀ ಕ್ಲಾಸ್ ನಿದ್ದೆ ಮಾಡದೆ ಜೊತೆಗಿದ್ದು ಬೆಳಿಗ್ಗೆ ಗಲಾಟೆ ಮಾಡ್ಕೊಂಡು ಸ್ಕೂಲಿಗೆ ಹೋಗ್ತಾರೆ. ಆ ವರ್ಷ ಬಾರಿಲೋಚೆ ಊರಿಗೆ ಟ್ರಿಪ್ ಹೋಗೋದು ಕೂಡ ಹಳೆಯ ರೂಢಿ. ಹಾಗೆ ಓದು ಮುಗಿಸುವವರು ಎಗ್ರೆಸಾದೊಸ್.

ಮೆಕ್ಸಿಕೊ: ಬ್ಯಾಚ್‌ನ ಹಬ್ಬ ಬೇರೆ, ಪದವಿ ಬೇರೆ

ಮೆಕ್ಸಿಕೊದಲ್ಲಿ ಸಂಭ್ರಮ ಒಬ್ಬರದ್ದಲ್ಲ, ಬ್ಯಾಚಿನದ್ದು. ಬ್ಯಾಚ್‌ಗೆ ಅಲ್ಲಿ ಹೆನೆರಸ್ಯೋನ್ ಅಂತಾರೆ, ಅಕ್ಷರಶಃ "ತಲೆಮಾರು". ಪ್ರತಿ ಬ್ಯಾಚ್‌ಗೂ ಒಬ್ಬ ಗಣ್ಯರನ್ನೋ ಮೇಷ್ಟ್ರನ್ನೋ ಪದ್ರೀನೊ ಆಗಿ ಆರಿಸುವ ರೂಢಿ ಇದೆ, ಹೆಂಗಸಾದರೆ ಮದ್ರೀನ. ಚರ್ಚಿನಲ್ಲಿ ಮಗುವಿಗೆ ಹೆಸರಿಡುವಾಗ ನಿಲ್ಲುವ ಧರ್ಮಪಿತ, ಧರ್ಮಮಾತೆಗೂ ಇದೇ ಪದ. ರಾತ್ರಿ ಪಾರ್ಟಿಯಲ್ಲಿ ಬಾಲ್ಸ್ ಇರುತ್ತೆ, ಅಂದರೆ ವಾಲ್ಟ್ಜ್ ನೃತ್ಯ. ಮಗ ಅಮ್ಮನ ಜೊತೆ, ಮಗಳು ಅಪ್ಪನ ಜೊತೆ ಹೆಜ್ಜೆ ಹಾಕ್ತಾರೆ. ಬೀಳ್ಕೊಡುಗೆಗೆ "ಲಸ್ ಗೊಲೊಂದ್ರೀನಸ್" ಅನ್ನೋ ಹಳೆಯ ಹಾಡು. ಗೊಲೊಂದ್ರೀನ ಅಂದರೆ ವಲಸೆ ಹೋಗುವ ಒಂದು ಚಿಕ್ಕ ಹಕ್ಕಿ. ಅರ್ಥ ತಿಳಿದ ಮೇಲೆ ಆ ಪದ ಮರೆಯೋದು ಕಷ್ಟ.

ಆದರೆ ಇಷ್ಟೆಲ್ಲ ಆದ ಮೇಲೂ ಪದವಿ ಕೈಗೆ ಬಂದಿರಬೇಕು ಅಂತೇನಿಲ್ಲ. ಮೆಕ್ಸಿಕೊದಲ್ಲಿ ಎರಡು ಕ್ರಿಯಾಪದ ಬೇರೆಬೇರೆ. ಎಗ್ರೆಸಾರ್ ಅಂದರೆ ಕ್ಲಾಸು, ವಿಷಯಗಳನ್ನ ಮುಗಿಸಿ ಹೊರಬರುವುದು. ತಿತುಲಾರ್ಸೆ ಅಂದರೆ ಪದವಿ ಪತ್ರ, ಅಂದರೆ ತೀತುಲೊ ಪಡೆದುಕೊಳ್ಳುವುದು. ಇವೆರಡರ ನಡುವೆ ನಿಂತವನಿಗೆ ಪಸಾಂತೆ ಅಂತ ಹೆಸರೇ ಇದೆ. ಸೆರ್ಬೀಸ್ಯೊ ಸೊಸ್ಯಾಲ್, ಅಂದರೆ ಸಮಾಜಸೇವೆ, ಕನಿಷ್ಠ 480 ಗಂಟೆ ಮಾಡಿರಬೇಕು. ಆಮೇಲೆ ತುಂಬಾ ಕಡೆ ತೇಸಿಸ್ ಬರೆದು, ಸಿನೊದಾಲೆಸ್ ಅನ್ನುವ ಪರೀಕ್ಷಕರ ಮುಂದೆ ಕೂತು ಉತ್ತರ ಕೊಡಬೇಕು, ನಮ್ಮ ಪ್ರಾಜೆಕ್ಟ್ ವೈವಾ ಥರ. ಪಾಸಾದರೆ ಅಲ್ಲೇ ಎದ್ದು ನಿಂತು ಪ್ರಮಾಣವಚನ. ಅದಕ್ಕೆ ಪ್ರೊತೇಸ್ತ ಅಂತಾರೆ. ಕೇಳಿದರೆ "ಪ್ರೊಟೆಸ್ಟ್" ಅನಿಸುತ್ತೆ, ಆದರೆ ಇಲ್ಲಿ ಯಾರೂ ಧರಣಿ ಕೂತಿಲ್ಲ!

ಪಸಾಂತೆ ಸ್ಥಿತಿಯಲ್ಲಿ ಇರುವವರ ವಾಕ್ಯ ಇದು: ಯಾ ಎಗ್ರೆಸೇ, ಪೇರೊ ನೋ ಮೆ ಎ ತಿತುಲಾದೊ. "ಓದು ಮುಗಿಸಿದೆ, ಆದರೆ ಇನ್ನೂ ಪದವಿ ಪಡೆದುಕೊಂಡಿಲ್ಲ." ಪಾರ್ಟಿ ಫೋಟೋದಲ್ಲಿ ಅವರೂ ನಗ್ತಾ ಇರ್ತಾರೆ. ಫೋಟೋ ನೋಡಿದರೆ ಯಾರಿಗೆ ಏನು ಬಾಕಿ ಇದೆ ಅಂತ ಗೊತ್ತಾಗೋದಿಲ್ಲ.

ನಮಗೆ ಬೇಕಾದ ಪದ: ಇನ್ಹೆನ್ಯೇರೊ ಅಂದರೆ ಎಂಜಿನಿಯರ್, ಹುಡುಗಿಯಾದರೆ ಇನ್ಹೆನ್ಯೇರ. ಮೆಕ್ಸಿಕೊದಲ್ಲಿ ಡಾಕ್ಟರ್‌ಗಳನ್ನ "ಡಾಕ್ಟ್ರೇ" ಅನ್ನೋ ಹಾಗೆ ಎಂಜಿನಿಯರ್‌ಗಳನ್ನೂ ಪದವಿ ಹೆಸರಿನಿಂದಲೇ ಕರೀತಾರೆ. ಸಲಿಗೆಯಲ್ಲಿ "ಈನ್ಹೆ" ಅಂತ ಮೊಟಕು ಮಾಡ್ತಾರೆ.

ಸ್ಪೇನ್: ಬೇಕ, ಓರ್ಲ ಮತ್ತು ಪರೀಕ್ಷೆಯ ಹಿಂದಿನ ರಾತ್ರಿ

ಸ್ಪೇನ್‌ನಲ್ಲಿ ಗ್ರದ್ವಾರ್ಸೆ ಅಂತಾರೆ. ಈ ಪದ ಎಲ್ಲ ಸ್ಪ್ಯಾನಿಷ್ ದೇಶಗಳಲ್ಲೂ ಅರ್ಥ ಆಗುತ್ತೆ, ಯಾವುದೂ ನೆನಪಾಗದಿದ್ದರೆ ಇದನ್ನೇ ಬಳಸಿ. ಮೆ ಗ್ರದ್ವೇ ಅಂದರೆ ನಾನು ಪದವಿ ಪಡೆದೆ, ಸೆ ಗ್ರದ್ವೋ ಅಂದರೆ ಅವನು ಅಥವಾ ಅವಳು ಪಡೆದಳು.

ಅಲ್ಲಿನ ಸಮಾರಂಭದಲ್ಲಿ ಮುಖ್ಯವಾದದ್ದು ಬೇಕ. ಎದೆ ಮೇಲೆ ಇಂಗ್ಲಿಷ್ ವಿ ಆಕಾರದಲ್ಲಿ ಬಂದು ಹೆಗಲ ಮೇಲಿಂದ ಹಿಂದಕ್ಕೆ ಇಳಿಯುವ ಬಣ್ಣದ ಪಟ್ಟಿ. ಕೋರ್ಸ್ ಮೇಲೆ ಬಣ್ಣ: ಕಾನೂನಿಗೆ ಕೆಂಪು, ವೈದ್ಯಕೀಯಕ್ಕೆ ಹಳದಿ, ಎಂಜಿನಿಯರಿಂಗ್‌ಗೆ ಕಂದು. ಹಿಂದಿನ ಕಾಲದಲ್ಲಿ ವಸತಿ ಕಾಲೇಜುಗಳಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳ ಉಡುಪು ಇದು. ಮುಂದೆ ಆ ಕಾಲೇಜಿನ ಸೀಟಿಗೂ, ಆಮೇಲೆ ಓದೋಕೆ ಕೊಡುವ ಹಣಕ್ಕೂ ಅದೇ ಹೆಸರು ಅಂಟಿಕೊಂಡಿತು. ಇವತ್ತು ಬೇಕ ಅಂದರೆ ಸ್ಕಾಲರ್‌ಶಿಪ್ ಕೂಡ. ನೆನಪಿಟ್ಟುಕೊಳ್ಳೋದು ನಮಗೆ ಸುಲಭ: ಸ್ಕಾಲರ್‌ಶಿಪ್ ಬೇಕಾ? ಬೇಕು!

ಎರಡನೆಯದು ಓರ್ಲ. ಇಡೀ ಬ್ಯಾಚ್‌ನ ಪಾಸ್‌ಪೋರ್ಟ್ ಸೈಜ್ ಮುಖಗಳು, ಮೇಲೆ ಮೇಷ್ಟ್ರುಗಳ ಮುಖಗಳು, ಎಲ್ಲ ಸೇರಿಸಿ ಮಾಡಿದ ಒಂದು ದೊಡ್ಡ ಚೌಕಟ್ಟು. ಓರ್ಲ ಅಂದರೆ ಅಂಚು. ಮನೆಯ ಗೋಡೆ ಮೇಲೆ ವರ್ಷಾನುಗಟ್ಟಲೆ ನೇತಾಡುತ್ತೆ.

ಸ್ಪೇನ್ ಅಂದ ಮೇಲೆ ಸಾಲಮಾಂಕಾ ಬಿಡೋಕಾಗಲ್ಲ. ಅಲ್ಲಿನ ವಿಶ್ವವಿದ್ಯಾಲಯ ಶುರುವಾಗಿದ್ದು 1218ರಲ್ಲಿ. ಊರಿನ ಹಳದಿ ಕಲ್ಲಿನ ಗೋಡೆಗಳ ಮೇಲೆ ಕೆಂಪು ಬಣ್ಣದ ಒಂದು ಚಿಹ್ನೆ, ಪಕ್ಕದಲ್ಲಿ ಹೆಸರುಗಳು ಕಾಣುತ್ತವೆ. ಆ ಚಿಹ್ನೆ ಬೀಕ್ತೊರ್, ಆ ಪದದ ಅಕ್ಷರಗಳನ್ನೆಲ್ಲ ಒಂದರೊಳಗೊಂದು ಹೆಣೆದು ಬರೆದದ್ದು. ಅರ್ಥ "ಗೆದ್ದವನು". ಡಾಕ್ಟರೇಟ್ ಪಡೆದವರ ಗುರುತು ಅದು. ಹಿಂದೆ ಆ ಬಣ್ಣಕ್ಕೆ ಗೂಳಿಯ ರಕ್ತ ಬೆರೆಸುತ್ತಿದ್ದರು ಅಂತ ಹೇಳ್ತಾರೆ. ನಮ್ಮ ಡೆಸ್ಕ್‌ಗಳ ಮೇಲೆ ಕಂಪಾಸ್‌ನಲ್ಲಿ ಕೆತ್ತಿರೋ ಹೆಸರುಗಳಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ: ಅಲ್ಲಿ ಪಾಸಾದ ಮೇಲೆ ಬರೀತಾರೆ.

ಅಲ್ಲಿನ ಹಳೆಯ ಕೆಥೆಡ್ರಲ್‌ನಲ್ಲಿ ಸಾಂತಾ ಬಾರ್ಬರಾ ಹೆಸರಿನ ಒಂದು ಚಿಕ್ಕ ಪ್ರಾರ್ಥನಾ ಕೋಣೆ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ಅಭ್ಯರ್ಥಿಯನ್ನ ಅದರೊಳಗೆ ಬಿಡುತ್ತಿದ್ದರು. ಮಧ್ಯದಲ್ಲಿ ಒಬ್ಬ ಬಿಷಪ್ಪರ ಸಮಾಧಿ. ಅದರ ಕಲ್ಲಿನ ಮೂರ್ತಿಯ ಪಾದಕ್ಕೆ ತನ್ನ ಪಾದ ತಾಗಿಸಿ ಕೂತು ರಾತ್ರಿಯೆಲ್ಲ ಓದಬೇಕಿತ್ತು. ಬೆಳಿಗ್ಗೆ ಗೆದ್ದವನು ಮುಂಬಾಗಿಲಿಂದ ಹೊರಗೆ, ಸೋತವನು ಇನ್ನೊಂದು ಬಾಗಿಲಿಂದ, ಅನ್ನೋ ಕಥೆಯೂ ಇದೆ. ಪ್ರಾರ್ಥನಾ ಕೋಣೆಗೆ ಸ್ಪ್ಯಾನಿಷ್‌ನಲ್ಲಿ ಕಪೀಯ. ಎಸ್ತಾರ್ ಎನ್ ಕಪೀಯ, "ಕಪೀಯದಲ್ಲಿ ಇರುವುದು" ಅಂದರೆ ಪರೀಕ್ಷೆಯಂಥ ದೊಡ್ಡ ಗಳಿಗೆಯ ಹೊಸ್ತಿಲಲ್ಲಿ ಇರುವುದು ಅಂತ ಇವತ್ತಿಗೂ ಬಳಕೆಯಲ್ಲಿದೆ. ಮರಣದಂಡನೆಗೆ ಮುಂಚಿನ ಕೊನೆಯ ಗಂಟೆಗಳಿಗೂ ಇದೇ ನುಡಿಗಟ್ಟು. ಎಕ್ಸಾಮ್ ಹಿಂದಿನ ರಾತ್ರಿ ಹಾಸ್ಟೆಲ್ ಕಾರಿಡಾರ್ ನೋಡಿದವರಿಗೆ ಈ ಎರಡರ ಸಂಬಂಧ ವಿವರಿಸಬೇಕಾಗಿಲ್ಲ.

ಎಡವುವ ಪದಗಳು

ಇಂಗ್ಲಿಷ್ ನಂಬಿ ನಾನು ಬಿದ್ದ ಜಾಗಗಳು ಇವು. ನೀವು ಬೀಳಬೇಡಿ.

ಕೊಲೇಹ್ಯೊ: ಕಾಲೇಜ್ ಅಲ್ಲ, ಸ್ಕೂಲು. "ನನ್ನ ಕೊಲೇಹ್ಯೊ" ಅಂದರೆ ನಿಮ್ಮನ್ನ ಸ್ಕೂಲ್ ಹುಡುಗ ಅಂದ್ಕೊಳ್ತಾರೆ.
ಫಕುಲ್ತಾದ್: ಫ್ಯಾಕಲ್ಟಿ, ಅಂದರೆ ಮೇಷ್ಟ್ರುಗಳಲ್ಲ. ವಿಶ್ವವಿದ್ಯಾಲಯದ ಒಂದು ವಿಭಾಗ. "ನನ್ನ ಕಾಲೇಜ್" ಅನ್ನೋಕೆ ಇದನ್ನೇ ಬಳಸಿ.
ಬಚಿಯೆರಾತೊ: ಸ್ಪೇನ್‌ನಲ್ಲಿ ಬ್ಯಾಚುಲರ್ಸ್ ಅಲ್ಲ, ನಮ್ಮ ಪಿಯುಸಿ ಹಂತ.
ಕರ್ರೇರ: ಓಡುವ ರೇಸ್, ಜೊತೆಗೆ ಓದುವ ಕೋರ್ಸ್ ಕೂಡ. "ಯಾವ ಕೋರ್ಸ್?" ಅನ್ನೋಕೆ ಕೇ ಕರ್ರೇರ ಎಸ್ತೂದ್ಯಸ್?
ಸುಸ್ಪೆಂದೇರ್: ಸ್ಪೇನ್‌ನಲ್ಲಿ ಪರೀಕ್ಷೆ ಫೇಲ್ ಆಗುವುದು. ಯಾರನ್ನೂ ಕಾಲೇಜಿನಿಂದ ಹೊರಗೆ ಹಾಕಿಲ್ಲ.

ಅಭಿನಂದನೆ ಹೇಳೋಕೆ ಸ್ಪೇನ್‌ನಲ್ಲಿ ಎನೊರಬ್ವೇನ, ಮೆಕ್ಸಿಕೊದಲ್ಲಿ ಫೆಲಿಸಿದಾದೆಸ್, ಅರ್ಜೆಂಟೀನಾದಲ್ಲಿ ಫೆಲಿಸಿತಸ್ಯೋನೆಸ್ ಹೆಚ್ಚು ಕೇಳಿಬರುತ್ತೆ.

ಮನೆಗೆಲಸ

ಕನ್ನಡದಿಂದ ನೇರವಾಗಿ ಸ್ಪ್ಯಾನಿಷ್‌ಗೆ ತನ್ನಿ. ಮಧ್ಯೆ ಇಂಗ್ಲಿಷ್ ಬರಬಾರದು.

1. ನನಗೆ ಎರಡು ವಿಷಯಗಳು ಬಾಕಿ ಇವೆ.
2. ಅವಳು ಪದವಿ ಪಡೆದುಕೊಂಡಳು. (ಅರ್ಜೆಂಟೀನಾದಲ್ಲಿ)
3. ಅವನಿಗೆ ಹಿಟ್ಟು ಎಸೆದರು.
4. ನಿನಗೆ ಹೇಗಾಯ್ತು?
5. ನಾನು ಪರೀಕ್ಷೆಯ ಹೊಸ್ತಿಲಲ್ಲಿ ಇದ್ದೇನೆ. (ಸ್ಪೇನ್‌ನಲ್ಲಿ)

ಉತ್ತರ: 1. ಮೆ ಫಾಲ್ತನ್ ದೋಸ್ ಮತೇರಿಯಸ್. (ಎರಡು ಆದ್ದರಿಂದ ಫಾಲ್ತ ಹೋಗಿ ಫಾಲ್ತನ್, ನಮ್ಮ "ಇದೆ" ಹೋಗಿ "ಇವೆ" ಆದ ಹಾಗೆ.) 2. ಸೆ ರೆಸಿಬ್ಯೋ. 3. ಲೆ ತಿರಾರೊನ್ ಅರೀನ. 4. ಕೋಮೊ ತೆ ಫ್ವೇ? 5. ಎಸ್ತೋಯ್ ಎನ್ ಕಪೀಯ.

ಮೂರು ದೇಶ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. "ಮುಗೀತು" ಅನ್ನೋ ಗಳಿಗೆ ಎಲ್ಲ ಕಡೆ ಒಂದೇ ಅಲ್ಲ. ಒಂದು ಕಡೆ ಕೊನೆಯ ಪರೀಕ್ಷೆ ದಿನ, ಒಂದು ಕಡೆ ಪ್ರಮಾಣವಚನದ ದಿನ, ಒಂದು ಕಡೆ ಹೆಗಲಿಗೆ ಬೇಕ ಬಿದ್ದ ದಿನ. ಅದಕ್ಕೇ ಕ್ರಿಯಾಪದಗಳೂ ಬೇರೆ. ಆ ದಿನ ಕಣ್ಣ ಮುಂದೆ ಬಂದರೆ ಪದ ತಾನಾಗಿ ಬಾಯಿಗೆ ಬರುತ್ತೆ, ಪಟ್ಟಿ ಉರು ಹೊಡೆಯೋದು ಬೇಡ. ಒಂದು ವಿಷಯ ಉಳಿಸಿಕೊಂಡವನಿಗೂ ಈ ಭಾಷೆಯಲ್ಲಿ ಒಂದು ಸರಳ ವಾಕ್ಯ ಇದೆ. ಅದನ್ನ ಹೇಳೋವಾಗ ತಲೆ ತಗ್ಗಿಸಬೇಕು ಅಂತ ನನಗೆ ಅನಿಸಲಿಲ್ಲ.

ನನ್ನ ಗಣಿತದ ಪರೀಕ್ಷೆ ಮುಂದಿನ ತಿಂಗಳು. ಅದಕ್ಕೆ ಒಂದು ವಾಕ್ಯ ಈಗಲೇ ರೆಡಿ ಇಟ್ಟಿದ್ದೇನೆ: ಮೆ ಫಲ್ತಾಬ ಊನ ಮತೇರಿಯ. ನನಗೆ ಒಂದು ವಿಷಯ ಬಾಕಿ ಇತ್ತು. ಹೇಳೋ ದಿನ ಬಂದರೆ ಕ್ಯಾಂಟೀನ್ ಹತ್ತಿರ ಸಿಗೋಣ. ಮೊಟ್ಟೆ ಮಾತ್ರ ತರಬೇಡಿ, ಇನ್ನೂ ಮೂರು ವರ್ಷದ ಮತೇರಿಯಸ್ ಇದೆ.